ಪಾಠಪ್ರಾಮಾಣ್ಯ: ಓಲೆ, ಅಚ್ಚು, ಅಂತರ್ಜಾಲ

ಕಳೆದ ವರುಷ ಅಥಣಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ನಿಮಿತ್ತವಾಗಿದೆ. ನಮ್ಮಲ್ಲಿ ಓದಲು ಬರುತ್ತಿದ್ದ ಸಂಶೋಧಕ ವಿದ್ಯಾರ್ಥಿಯೊಬ್ಬನು ಅಂತರ್ಜಾಲದ ಪುಟವೊಂದರಿಂದ ಒಂದು ವಚನದ ಪಾಠವನ್ನು ಎತ್ತಿಕೊಂಡು, ಅದರಲ್ಲಿಯ ಒಂದು ಶಬ್ದದ ಮೇಲೆ ತನ್ನ ಪ್ರಬಂಧದ ಒಂದು ಪ್ರಕರಣವನ್ನೇ ಕಟ್ಟಿದ್ದನು. ಪ್ರಬಂಧವನ್ನು ಪರಿಶೀಲಿಸಿದ ವಿದ್ವಾಂಸರು ಆ ಪುಟವನ್ನು ತೆರೆದಾಗ ಅಲ್ಲಿ ಆ ಶಬ್ದವೇ ಇರಲಿಲ್ಲ. ನಡುವೆ ಯಾರೋ ಪಾಠವನ್ನು ತಿದ್ದಿದ್ದರು. ತಿದ್ದಿದ ಪಾಠವೇ ಸರಿಯಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ತಿದ್ದಿದವರು ಯಾರು, ಎಂದು ತಿದ್ದಿದರು, ಯಾವ ಪ್ರತಿಯ ಆಧಾರದಿಂದ ತಿದ್ದಿದರು ಎಂಬುದರ ಸೂಚನೆ ಅಲ್ಲಿ ಲೇಶವೂ ಇರಲಿಲ್ಲ. ಹುಡುಗನು ಇಲ್ಲದ ಪಾಠವನ್ನು ಕಲ್ಪಿಸಿಕೊಂಡನೆಂಬ ಅಪವಾದಕ್ಕೆ ಗುರಿಯಾದನು.

ಗ್ರಂಥಪ್ರಕಾಶನದ ಇತಿಹಾಸವನ್ನು ಪ್ರತಿಗಳ ಸಂಖ್ಯೆಯು ಬೆಳೆದ ಇತಿಹಾಸವೆಂದು ಬಗೆಯುವದು ರೂಢಿಯಾಗಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಹೊಣೆಯ ಇತಿಹಾಸವೂ ಹೌದು. ಪಾಠಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗೆ ಆಯಾ ಕಾಲವು ಕೊಟ್ಟ ಉತ್ತರವನ್ನು ಇಲ್ಲಿ ಸಂಕ್ಷೇಪವಾಗಿ ನೋಡುವದು ಉಚಿತವೆಂದು ತೋರುತ್ತದೆ.

ಓಲೆಯ ಕಾಲದಲ್ಲಿ ಲಿಪಿಕಾರನು ಕಟ್ಟಿನ ಕೊನೆಯಲ್ಲಿ ಎಷ್ಟೋ ವೇಳೆ ತನ್ನ ಹೆಸರನ್ನೂ ಸಂವತ್ಸರ, ಮಾಸ, ತಿಥಿಗಳನ್ನೂ ಬರೆದು, ಅಕ್ಷರದೋಷವನ್ನು ಬಲ್ಲವರು ತಿದ್ದಿ ಓದಬೇಕೆಂದು ಬೇಡಿಕೊಳ್ಳುತ್ತಿದ್ದನು. ಪ್ರತಿಗಳು ವಿರಳ, ಅವುಗಳನ್ನು ಕಾಣಬೇಕಾದವನು ಮಠದಿಂದ ಮಠಕ್ಕೆ ಅಲೆಯಬೇಕಾಗುತ್ತಿತ್ತು. ಆದರೂ ಹೊಣೆಗಾರನು ಅಜ್ಞಾತನಾಗಿರುತ್ತಿರಲಿಲ್ಲ.

ಅಚ್ಚು ಬಂದ ಮೇಲೆ ಈ ಹೊಣೆಯು ಇನ್ನೂ ದೃಢವಾಯಿತು. 1872ರಲ್ಲಿ ಜೇಮ್ಸ್ ಬರ್ಜೆಸ್ಸರು ಮುಂಬಯಿಯಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಜೆ. ಎಫ್. ಫ್ಲೀಟರು ಅದರಲ್ಲಿ ನಮ್ಮ ಸೀಮೆಯ ಅನೇಕ ಶಾಸನಗಳನ್ನು ಬೆಳಕಿಗೆ ತಂದರು. ಅಥಣಿಯಿಂದ ಕೃಷ್ಣೆಯ ಆಚೆಗಿರುವ ತೇರದಾಳದ ಶಾಸನವು 1885ರ ಸಂಪುಟದಲ್ಲಿದೆ. ಇಂಥ ಪತ್ರಿಕೆಗಳಲ್ಲಿ ಪಾಠದೊಡನೆ ಪಡಿಯಚ್ಚಿನ ಚಿತ್ರವನ್ನೂ ಕೊಡುವ ಪದ್ಧತಿಯು ಬೆಳೆದುದರಿಂದ, ಶಿಲೆಯನ್ನು ಕಾಣದ ಓದುಗನೂ ಸಂಪಾದಕನನ್ನು ಪರೀಕ್ಷಿಸಲು ಸಮರ್ಥನಾದನು. ನೆರೆಯ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚುಹಾಕಿಸಿದರು, ಮುಂದೆ ತಾವೇ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸಿದರು. ಆ ಬಳಿಕ 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಿತು. ಹಿಂದಿನ ಪಾಠವು ತನ್ನ ಪುಟದಲ್ಲಿಯೇ ನಿಂತಿರುವದರಿಂದ, ಮುಂದಿನ ಸಂಪಾದಕನು ಪುಟಸಂಖ್ಯೆಯನ್ನು ಹೇಳಿ ಅದನ್ನು ಒಪ್ಪಬಹುದು, ಇಲ್ಲವೆ ಅಲ್ಲಗಳೆಯಬಹುದು. ತಪ್ಪಿಗೂ ಒಂದು ವಿಳಾಸವಿದ್ದಿತು.

ಇನ್ನು ಗಣಕಯಂತ್ರದ ಕಾಲ. 1991ರಲ್ಲಿ ಅಮೇರಿಕೆಯ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತಶಾಸ್ತ್ರಜ್ಞರು, ಮುದ್ರಣಕ್ಕೆ ಮೊದಲೇ ಪ್ರಬಂಧಗಳನ್ನು ಯಾವತ್ತೂ ವಿದ್ವಾಂಸರಿಗೆ ಒದಗಿಸುವ ಭಂಡಾರವೊಂದನ್ನು ತೆರೆದರು. ‘ಆರ್ಕೈವ್’ ಎಂದು ಅದು ಪ್ರಸಿದ್ಧವಾಗಿದೆ. ಅಲ್ಲಿ ಲೇಖಕನು ತನ್ನ ಬರಹವನ್ನು ತಿದ್ದಬಹುದು. ಆದರೆ ಮೊದಲನೆಯ ರೂಪ, ಎರಡನೆಯ ರೂಪ ಎಂದು ಪ್ರತಿಯೊಂದೂ ದಿನಾಂಕಸಹಿತವಾಗಿ ಉಳಿದಿರುತ್ತದೆ. ಅದೇ ವರುಷ ಪ್ರಕಟವಾದ ಯುನಿಕೋಡ್ ಸಂಕೇತದಲ್ಲಿ ಕನ್ನಡ ಲಿಪಿಗೂ ಸ್ಥಾನವು ದೊರೆಯಿತು. ಆದರೂ ನಮ್ಮಲ್ಲಿ ಬಹುಕಾಲ ಬೇರೆ ಬೇರೆ ಅಕ್ಷರಸಂಕೇತಗಳೇ ನಡೆದವು. ಅವುಗಳಲ್ಲಿ ಸಿದ್ಧವಾದ ಲೇಖನಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅನ್ಯಲಿಪಿಯ ಗೊಂದಲವೇ. ಅವುಗಳಲ್ಲಿ ಒಂದು ಪದವನ್ನು ಹುಡುಕಿದರೆ ಸಿಕ್ಕುವದಿಲ್ಲ. ಪರಿವರ್ತಿಸಹೋದರೆ ಒತ್ತಕ್ಷರವೂ ಅರ್ಕಾವತ್ತೂ ಸ್ಥಾನ ತಪ್ಪುತ್ತವೆ. ಹೀಗೆ ಲಿಪಿಕಾರನ ಸ್ಖಾಲಿತ್ಯವು ಲಿಪಿಕಾರನಿಲ್ಲದೆಯೇ ಮರಳಿ ಬಂದಿದೆ.

ಲಾಭವನ್ನು ಅಲ್ಲಗಳೆಯುವದು ಕೃತಘ್ನತೆಯಾದೀತು. ವಿಶ್ವವಿದ್ಯಾಲಯದ ಅನುದಾನ ಆಯೋಗದ 2009ರ ನಿಯಮದ ಫಲವಾಗಿ ‘ಶೋಧಗಂಗಾ’ದಲ್ಲಿ ಮಹಾಪ್ರಬಂಧಗಳು ಸರ್ವರಿಗೂ ದೊರೆಯುತ್ತಿವೆ. ಕೇಂದ್ರ ಸರಕಾರವು 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆಯಿತ್ತು, ಮೂರು ವರುಷಗಳಿಗೆ 6000 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13000 ಪತ್ರಿಕೆಗಳು ಇದರಲ್ಲಿ ಸೇರಿವೆ. ಆದರೆ ಅದು ಸರಕಾರಿ ಆಡಳಿತದ ವಿದ್ಯಾಸಂಸ್ಥೆಗಳನ್ನು ಉದ್ದೇಶಿಸಿ ರೂಪಿಸಿದುದು. ಯಾವ ಸಂಸ್ಥೆಗೂ ಸೇರದೆ ಊರಲ್ಲಿ ಕುಳಿತು ಓದುವ ಪಂಡಿತನು ಅದರ ಹೊರಗೆ ನಿಂತಿದ್ದಾನೆ. ಅವನ ಪಾಲಿಗೆ ತೆರೆದಿರುವದು ಸಾರ್ವಜನಿಕ ಜಾಲಪುಟವೊಂದೇ. ಆದುದರಿಂದ ಆ ಪುಟದ ಪಾಠವು ವಿಶ್ವಸನೀಯವಾಗಿರಬೇಕಾದುದು ಇತರರಿಗಿಂತ ಅವನಿಗೆ ಹೆಚ್ಚು ಅವಶ್ಯವು.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಯಥಾವತ್ತಾಗಿ ಮಂಡಿಸಿದ ಮೇಲೆಯೇ ಖಂಡನೆ. ಪೂರ್ವಪಕ್ಷವನ್ನು ಅಳಿಸಿಬಿಟ್ಟರೆ ಸಿದ್ಧಾಂತವು ಯಾವುದಕ್ಕೆ ಉತ್ತರವೆಂಬುದೇ ತಿಳಿಯದು. ಅದರಂತೆಯೇ ಪಾಠಸಂಶೋಧನೆಯಲ್ಲಿಯೂ ಹಳೆಯ ಪಾಠವನ್ನು ಉಳಿಸಿಕೊಂಡೇ ಹೊಸದನ್ನು ನಿಲ್ಲಿಸಬೇಕು. ಆದುದರಿಂದ ಅಂತರ್ಜಾಲದಲ್ಲಿ ಕನ್ನಡ ಗ್ರಂಥಗಳನ್ನು ಪ್ರಕಟಿಸುವವರಲ್ಲಿ ಮೂರು ಅರಿಕೆಗಳಿವೆ: ಪ್ರತಿಯೊಂದು ಪಾಠಕ್ಕೂ ಆಧಾರಪ್ರತಿಯನ್ನೂ ಸಂಪಾದಕನ ಹೆಸರನ್ನೂ ಸೂಚಿಸಬೇಕು, ತಿದ್ದಿದಾಗ ದಿನಾಂಕವನ್ನು ಕಾಣಿಸಿ ಹಿಂದಿನ ರೂಪವನ್ನು ಉಳಿಸಬೇಕು, ಸಾಧ್ಯವಿದ್ದಲ್ಲಿ ಮೂಲದ ಚಿತ್ರವನ್ನು ಜೊತೆಗಿಡಬೇಕು. ಇವು ಹೊಸ ಬೇಡಿಕೆಗಳಲ್ಲ. ಮೊದಲನೆಯದಕ್ಕೆ ಲಿಪಿಕಾರನೂ, ಎರಡನೆಯದಕ್ಕೆ ಅಚ್ಚಿನ ಆವೃತ್ತಿಗಳೂ, ಮೂರನೆಯದಕ್ಕೆ ಪಡಿಯಚ್ಚೂ ನಮಗೆ ಮೇಲ್ಪಂಕ್ತಿ.

ಆ ವಿದ್ಯಾರ್ಥಿಯು ಅನಂತರ ಅಚ್ಚಾದ ಸಂಪುಟವನ್ನು ತರಿಸಿಕೊಂಡು, ತನ್ನ ಪ್ರಕರಣವನ್ನು ಬಿಟ್ಟುಕೊಟ್ಟು, ಪ್ರಬಂಧವನ್ನು ಮೊದಲಿನಿಂದ ಬರೆದನು. ಅವನ ಅರ್ಥವು ತಪ್ಪಾಗಿದ್ದಿತು. ಅವನ ಮಾತು ಸುಳ್ಳಾಗಿರಲಿಲ್ಲ. ಈ ಭೇದವನ್ನು ತೋರಿಸಿಕೊಡಲಾರದ ಪ್ರಕಾಶನವು ಎಷ್ಟೇ ವಿಸ್ತಾರವಾಗಿ ಹಬ್ಬಿದರೂ ಪ್ರಮಾಣಪದವಿಯನ್ನು ಹೊಂದಲಾರದು.