ಲಟ್ಟಣಿಗೆ ಮತ್ತು ಒಂದು ಎಕ್ಸ್ ಗುರುತು

ಬೇಕಿಂಗ್‌ಗೆ ಲಟ್ಟಣಿಗೆ ಆರಿಸುವಾಗ ನಾನು ನೋಡೋದು ಒಂದೇ, ಉದ್ದಕ್ಕೂ ಒಂದೇ ದಪ್ಪ ಇದೆಯಾ ಅಂತ. ಹಿಟ್ಟು ಸಮನಾಗಿ ಹರಡದಿದ್ದರೆ ಬಿಸ್ಕತ್ತು ತೆಳು ಇದ್ದ ಕಡೆ ಸೀಯುತ್ತೆ, ದಪ್ಪ ಇದ್ದ ಕಡೆ ಹಸಿಯಾಗೇ ಉಳಿಯುತ್ತೆ.

ಹಿಟ್ಟನ್ನು ಸಮನಾಗಿ ಹದ ಮಾಡೋಕೆ ವಾಷಿಂಗ್ಟನ್ನಿನ ಜೂಡಿ ರೀಡ್ ಎಂಬಾಕೆ ಒಂದು ಯಂತ್ರವನ್ನೇ ಮಾಡಿದ್ದರು. ಹಲ್ಲಿಗೆ ಹಲ್ಲು ಕೂಡುವ ಎರಡು ಉರುಳೆಗಳ ನಡುವೆ ಹಿಟ್ಟು ಹಾದು ಹೋಗಬೇಕು, ಅಷ್ಟೆ. 1884ರ ಸೆಪ್ಟೆಂಬರಿನಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 305474. ಪೇಟೆಂಟ್ ಪಡೆದ ಮೊದಮೊದಲ ಕಪ್ಪು ಮಹಿಳೆಯರಲ್ಲಿ ಒಬ್ಬರು ಅಂತ ಅವರನ್ನು ಗುರುತಿಸ್ತಾರೆ.

ಆದರೆ ಸಹಿಯ ಜಾಗದಲ್ಲಿ ಇದ್ದದ್ದು ಬರೀ ಒಂದು ‘ಎಕ್ಸ್’ ಗುರುತು! 1865ರಲ್ಲಿ ಗುಲಾಮಗಿರಿ ಕೊನೆಗೊಳ್ಳುವ ಮೊದಲು, ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸೋದೇ ಅಪರಾಧವಾಗಿದ್ದ ದೇಶ ಅದು.

ಓದು ಬರಹ ಬಾರದವರಿಗೆ ಇಂಜಿನಿಯರಿಂಗ್ ಬರೋಲ್ಲ ಅಂತ ಯಾರು ಹೇಳಿದ್ದು? ಡಿಗ್ರಿಯನ್ನು ಫ್ರೇಮ್ ಹಾಕಿಸಿಟ್ಟಿರೋ ನಮ್ಮಂಥವರು ಆ ಎಕ್ಸ್ ಅನ್ನು ನೆನಪಿಟ್ಟುಕೊಳ್ಳಬೇಕು...