ದಿಸ್ ಈಸ್ ಅವರ್ ಲೇನ್

ದಿಸ್ ಈಸ್ ಅವರ್ ಲೇನ್ ('ಇದು ನಮ್ಮದೇ ಪಥ') ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ವೈದ್ಯರು ೨೦೧೮ರ ನವೆಂಬರ್‌ನಲ್ಲಿ ಟ್ವಿಟರ್‌ನಲ್ಲಿ ಬಳಸಿದ ಹ್ಯಾಶ್‌ಟ್ಯಾಗ್ ಹಾಗೂ ಅದರಿಂದ ಬೆಳೆದ ಅಭಿಯಾನ. ಬಂದೂಕಿನಿಂದಾಗುವ ಗಾಯ ಮತ್ತು ಸಾವು ಸಾರ್ವಜನಿಕ ಆರೋಗ್ಯದ ಸಮಸ್ಯೆ, ಆದ್ದರಿಂದ ಅದರ ಸಂಶೋಧನೆ ಮತ್ತು ಸರ್ಕಾರಿ ನೀತಿಯ ಬಗ್ಗೆ ಮಾತನಾಡುವುದು ವೈದ್ಯರ ವೃತ್ತಿಧರ್ಮಕ್ಕೆ ಸೇರಿದ್ದು ಎಂಬುದು ಇದರ ಮುಖ್ಯ ವಾದ.

ಹಿನ್ನೆಲೆ

ಮನೆಯಲ್ಲಿ ಬಂದೂಕು ಇರುವುದಕ್ಕೂ ಆ ಮನೆಯಲ್ಲಿ ಕೊಲೆ ನಡೆಯುವ ಅಪಾಯ ಹೆಚ್ಚುವುದಕ್ಕೂ ಸಂಬಂಧವಿದೆ ಎಂದು ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು ೧೯೯೩ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಹಣದಿಂದ ನಡೆದ ಈ ಅಧ್ಯಯನವನ್ನು ಬಂದೂಕು ಮಾಲೀಕರ ಪ್ರಬಲ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ (ಎನ್‌ಆರ್‌ಎ) ತೀವ್ರವಾಗಿ ವಿರೋಧಿಸಿತು. ೧೯೯೬ರಲ್ಲಿ ಅಂಗೀಕಾರವಾದ ಡಿಕಿ ತಿದ್ದುಪಡಿಯು, ಸಿಡಿಸಿಯ ಗಾಯ ನಿವಾರಣಾ ನಿಧಿಯನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಬಾರದೆಂದು ವಿಧಿಸಿತು. ಸಂಶೋಧನೆಯನ್ನು ಅದು ನಿಷೇಧಿಸಿರಲಿಲ್ಲ. ಆದರೆ ಅದೇ ವೇಳೆ ೨೬ ಲಕ್ಷ ಡಾಲರ್ ಅನುದಾನವನ್ನು ಬೇರೆಡೆಗೆ ತಿರುಗಿಸಲಾಯಿತು. ಸೂಚನೆಯನ್ನು ಅರಿತ ಸಂಸ್ಥೆ ಎರಡು ದಶಕಗಳ ಕಾಲ ಈ ವಿಷಯದಿಂದ ಬಹುಮಟ್ಟಿಗೆ ದೂರವೇ ಉಳಿಯಿತು. ಫ್ಲಾರಿಡಾ ರಾಜ್ಯವಂತೂ ೨೦೧೧ರಲ್ಲಿ, ಮನೆಯಲ್ಲಿ ಬಂದೂಕು ಇದೆಯೇ ಎಂದು ವೈದ್ಯರು ರೋಗಿಯನ್ನು ಕೇಳುವುದನ್ನೇ ನಿರ್ಬಂಧಿಸುವ ಕಾನೂನು ಮಾಡಿತು. ಅದರ ಮುಖ್ಯ ಭಾಗಗಳನ್ನು ೨೦೧೭ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು.

ಅಭಿಯಾನದ ಉಗಮ

೨೦೧೮ರ ಅಕ್ಟೋಬರ್ ೩೦ರಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ತನ್ನ 'ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್' ಪತ್ರಿಕೆಯಲ್ಲಿ ನಿಲುವು ಪತ್ರವೊಂದನ್ನು ಪ್ರಕಟಿಸಿತು. ಬಂದೂಕು ಕೊಳ್ಳುವವರ ಪೂರ್ವಾಪರ ಪರಿಶೀಲನೆ, ಮಕ್ಕಳ ಕೈಗೆ ಸಿಗದಂತೆ ಭದ್ರವಾಗಿ ಇಡುವುದು, ಕೌಟುಂಬಿಕ ಹಿಂಸೆಯ ಅಪರಾಧಿಗಳಿಗೆ ಬಂದೂಕು ನಿರಾಕರಣೆ ಮೊದಲಾದ ಶಿಫಾರಸುಗಳು ಅದರಲ್ಲಿದ್ದವು. ನವೆಂಬರ್ ೭ರಂದು ಎನ್‌ಆರ್‌ಎ, ಬಂದೂಕು ವಿರೋಧಿ ವೈದ್ಯರು ತಮ್ಮ ಪಥದಲ್ಲೇ ಇರಲಿ ಎಂದು ಟ್ವೀಟ್ ಮಾಡಿತು. ತಮಗೆ ಸಂಬಂಧಿಸದ ವಿಷಯಕ್ಕೆ ತಲೆ ಹಾಕಬಾರದು ಎಂಬುದು ಅದರ ತಾತ್ಪರ್ಯ. ಅದೇ ರಾತ್ರಿ ಕ್ಯಾಲಿಫೋರ್ನಿಯಾದ ಥೌಸಂಡ್ ಓಕ್ಸ್ ನಗರದ ಬಾರೊಂದರಲ್ಲಿ ಬಂದೂಕುಧಾರಿಯೊಬ್ಬ ೧೨ ಜನರನ್ನು ಕೊಂದನು.

ಮುಂದಿನ ದಿನಗಳಲ್ಲಿ ಸಾವಿರಾರು ವೈದ್ಯರು, ದಾದಿಯರು ಉತ್ತರಿಸಿದರು. ಶವಗಳಿಂದ ಪ್ರತಿವಾರ ಗುಂಡು ಹೊರತೆಗೆಯುವ ತನಗೆ ಇದು ಪಥವಷ್ಟೇ ಅಲ್ಲ, ಹೆದ್ದಾರಿ ಎಂಬರ್ಥದಲ್ಲಿ ವಿಧಿವಿಜ್ಞಾನ ವೈದ್ಯೆ ಜೂಡಿ ಮೆಲಿನೆಕ್ ಖಾರವಾಗಿ ಬರೆದದ್ದು ವ್ಯಾಪಕವಾಗಿ ಹರಡಿತು. ಹಲವರು ರಕ್ತಸಿಕ್ತವಾದ ತಮ್ಮ ಉಡುಪು, ಶಸ್ತ್ರಚಿಕಿತ್ಸಾ ಕೊಠಡಿಯ ನೆಲ ಇವುಗಳ ಚಿತ್ರ ಹಾಕಿದರು. ಸಂಶೋಧನಾ ಪ್ರಬಂಧದ ಕೋಷ್ಟಕಗಳು ತಲುಪದ ಓದುಗರನ್ನು ಇವು ತಲುಪಿದವು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ಜೋಸೆಫ್ ಸಕ್ರಾನ್ ಅಭಿಯಾನಕ್ಕಾಗಿ ಪ್ರತ್ಯೇಕ ಟ್ವಿಟರ್ ಖಾತೆ ತೆರೆದರು. ೧೯೯೪ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ದಾರಿತಪ್ಪಿ ಬಂದ ಗುಂಡು ಅವರ ಗಂಟಲನ್ನೇ ಸೀಳಿತ್ತು.

ನವೆಂಬರ್ ೧೯ರಂದು ಶಿಕಾಗೊದ ಮರ್ಸಿ ಆಸ್ಪತ್ರೆಯಲ್ಲಿ ತುರ್ತುಚಿಕಿತ್ಸಾ ವೈದ್ಯೆ ತಮಾರಾ ಓನೀಲ್, ಔಷಧ ವಿಭಾಗದ ಸಿಬ್ಬಂದಿಯೊಬ್ಬರು ಮತ್ತು ಒಬ್ಬ ಪೊಲೀಸ್ ಅಧಿಕಾರಿ ಗುಂಡಿಗೆ ಬಲಿಯಾದರು. ಓನೀಲ್ ಅವರನ್ನು ಕೊಂದವನು ಅವರೊಡನೆ ಹಿಂದೆ ನಿಶ್ಚಿತಾರ್ಥವಾಗಿದ್ದ ವ್ಯಕ್ತಿ. ಪಥದ ವಾದ ಹುಟ್ಟಿ ಆಗ ಇನ್ನೂ ಎರಡು ವಾರವೂ ಕಳೆದಿರಲಿಲ್ಲ.

ಪರಿಣಾಮ ಮತ್ತು ಭಿನ್ನಾಭಿಪ್ರಾಯ

ವೈದ್ಯ ಸಮುದಾಯವೆಲ್ಲ ಏಕಾಭಿಪ್ರಾಯದಲ್ಲಿರಲಿಲ್ಲ. ಬಂದೂಕು ಹೊಂದುವ ಹಕ್ಕನ್ನು ಬೆಂಬಲಿಸುವ ವೈದ್ಯರ ಸಂಘಟನೆಯೂ ಅಲ್ಲಿದೆ. ಟ್ವಿಟರ್‌ನ ಚಿತ್ರಗಳು ಕಣ್ಣಿಗೆ ಕಟ್ಟಿಸಿದ್ದು ಹೆಚ್ಚಾಗಿ ಹಲ್ಲೆಯ ಗಾಯಗಳನ್ನು. ಆದರೆ ೨೦೧೭ರಲ್ಲಿ ದೇಶದಲ್ಲಿ ಬಂದೂಕಿನಿಂದ ಸಂಭವಿಸಿದ ೩೯,೭೭೩ ಸಾವುಗಳಲ್ಲಿ ಸುಮಾರು ಶೇ. ೬೦ ಆತ್ಮಹತ್ಯೆಗಳು.

೨೦೧೯ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಬಂದೂಕು ಹಿಂಸೆಯ ಸಂಶೋಧನೆಗೆಂದು ಎರಡೂವರೆ ಕೋಟಿ ಡಾಲರ್ ಮಂಜೂರು ಮಾಡಿ, ಸಿಡಿಸಿ ಮತ್ತು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ ಸಮನಾಗಿ ಹಂಚಿತು. ಇದನ್ನು ಅಭಿಯಾನದ ಫಲವೆಂದಷ್ಟೇ ಹೇಳಲಾಗದು: ಸಿಡಿಸಿ ಇಂಥ ಸಂಶೋಧನೆ ನಡೆಸಬಹುದೆಂಬ ಸ್ಪಷ್ಟನೆ ೨೦೧೮ರ ಮಾರ್ಚ್‌ನಲ್ಲೇ, ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ಬೆನ್ನಿಗೆ, ಹೊರಬಿದ್ದಿತ್ತು. ಡಿಕಿ ತಿದ್ದುಪಡಿಯ ಷರತ್ತು ಮಾತ್ರ ಹಣ ಮಂಜೂರಾದ ನಂತರವೂ ಕಾನೂನಿನಲ್ಲಿ ಉಳಿದುಕೊಂಡಿತು.