ರೋಹನ್ ಬೋಪಣ್ಣ

ರೋಹನ್ ಮಚ್ಚಂಡ ಬೋಪಣ್ಣ (ಜನನ: ೪ ಮಾರ್ಚ್ ೧೯೮೦, ಬೆಂಗಳೂರು) ಕೊಡಗು ಮೂಲದ ಭಾರತೀಯ ಟೆನಿಸ್ ಆಟಗಾರರು. ಡಬಲ್ಸ್ ಆಟದಲ್ಲಿ ಪರಿಣತಿ ಪಡೆದ ಇವರು ೨೦೨೪ರ ಜನವರಿಯಲ್ಲಿ, ತಮ್ಮ ೪೩ನೆಯ ವಯಸ್ಸಿನಲ್ಲಿ, ಪುರುಷರ ಡಬಲ್ಸ್ ವಿಭಾಗದ ವಿಶ್ವದ ಒಂದನೆಯ ಕ್ರಮಾಂಕಕ್ಕೆ ಏರಿದರು. ಅಷ್ಟು ಹಿರಿಯ ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನವನ್ನು ತಲುಪಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಒಂದು ಪುರುಷರ ಡಬಲ್ಸ್ ಹಾಗೂ ಒಂದು ಮಿಶ್ರ ಡಬಲ್ಸ್ ಗ್ರ್ಯಾನ್ ಸ್ಲಾಮ್ ಪ್ರಶಸ್ತಿ ಅವರ ಹೆಸರಿನಲ್ಲಿವೆ.

ಆರಂಭಿಕ ಜೀವನ

ಬೋಪಣ್ಣನವರದು ಕಾಫಿ ಬೆಳೆಗಾರರ ಕೊಡವ ಕುಟುಂಬ. ಬಾಲ್ಯವನ್ನು ಕೊಡಗಿನಲ್ಲಿ ಕಳೆದ ಅವರು ಹನ್ನೊಂದನೆಯ ವಯಸ್ಸಿನಲ್ಲಿ ಟೆನಿಸ್ ಕಲಿಯತೊಡಗಿದರು. ಹಾಕಿ ಆಟಗಾರರಿಗೂ ಸೇನಾನಿಗಳಿಗೂ ಹೆಸರಾದ ಜಿಲ್ಲೆಯಿಂದ ಟೆನಿಸ್ ಆಟಗಾರನೊಬ್ಬ ಮೂಡಿಬಂದದ್ದು ವಿಶೇಷವೇ ಸರಿ. ೨೦೦೨ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಡೇವಿಸ್ ಕಪ್ ಪಂದ್ಯಕ್ಕೆ ಇಳಿದ ಅವರು ೨೦೦೩ರಲ್ಲಿ ವೃತ್ತಿಪರ ಆಟಗಾರರಾದರು.

ಸಿಂಗಲ್ಸ್‌ನಿಂದ ಡಬಲ್ಸ್‌ಗೆ

ಮೊದಲ ವರ್ಷಗಳಲ್ಲಿ ಅವರು ಸಿಂಗಲ್ಸ್ ಮತ್ತು ಡಬಲ್ಸ್ ಎರಡನ್ನೂ ಆಡುತ್ತಿದ್ದರು. ಸಿಂಗಲ್ಸ್‌ನಲ್ಲಿ ಅವರು ತಲುಪಿದ ಅತ್ಯುನ್ನತ ಕ್ರಮಾಂಕ ೨೧೩ (೨೦೦೭). ಆ ಮಟ್ಟದಲ್ಲಿ ದೊಡ್ಡ ಪಂದ್ಯಾವಳಿಗಳ ಮುಖ್ಯ ಸುತ್ತಿಗೆ ನೇರ ಪ್ರವೇಶ ದೊರೆಯುವುದಿಲ್ಲ. ಊರಿಂದೂರಿಗೆ ಸ್ವಂತ ಖರ್ಚಿನಲ್ಲಿ ಅಲೆಯಬೇಕಾಗುತ್ತದೆ. ಡಬಲ್ಸ್‌ಗೆ ಪ್ರತ್ಯೇಕ ಕ್ರಮಾಂಕ ಪಟ್ಟಿಯಿರುವುದರಿಂದ ಸಿಂಗಲ್ಸ್‌ನಲ್ಲಿ ಹಿಂದೆ ಉಳಿದವರೂ ಇಲ್ಲಿ ಮುಂದೆ ಬರಬಲ್ಲರು.

ಎರಡೂ ಆಟಗಳಿಗೆ ಬೇಕಾಗುವ ಗುಣಗಳು ಒಂದೇ ಅಲ್ಲ. ಸಿಂಗಲ್ಸ್ ಅಂಗಣದ ಅಗಲ ೨೭ ಅಡಿ. ಡಬಲ್ಸ್‌ಗೆ ಅದು ೩೬ ಅಡಿ. ಆದರೆ ಅಷ್ಟು ಅಗಲವನ್ನು ಇಬ್ಬರು ಹಂಚಿಕೊಳ್ಳುವುದರಿಂದ ಓಡಾಟ ಕಡಿಮೆ. ಸರ್ವ್, ಅದಕ್ಕೆ ಮರುಹೊಡೆತ, ಬಲೆಯ ಬಳಿ ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ವಾಲಿ, ಜೊತೆಗಾರನ ಮನಸ್ಸನ್ನು ಅರಿಯುವ ಜಾಣ್ಮೆ, ಇವು ಇಲ್ಲಿ ಮುಖ್ಯ. ಎತ್ತರದ ನಿಲುವು ಮತ್ತು ರಭಸದ ಸರ್ವ್ ಇದ್ದ ಬೋಪಣ್ಣನವರಿಗೆ ಈ ಆಟ ಒಗ್ಗಿತು. ಗ್ರ್ಯಾನ್ ಸ್ಲಾಮ್ ಹೊರತಾದ ಪ್ರಮುಖ ಪಂದ್ಯಾವಳಿಗಳಲ್ಲಿ ಮೂರನೆಯ ಸೆಟ್ಟಿನ ಬದಲು ಹತ್ತು ಅಂಕಗಳ ಟೈಬ್ರೇಕರ್ ಆಡಿಸುವ ಪದ್ಧತಿಯೂ ಡಬಲ್ಸ್ ಆಟಗಾರರ ಆಯುಸ್ಸನ್ನು ಹೆಚ್ಚಿಸಿದೆ ಎನ್ನಬಹುದು.

ಖುರೇಷಿಯವರೊಂದಿಗೆ

ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರೊಂದಿಗಿನ ಜೋಡಿ ಬೋಪಣ್ಣನವರಿಗೆ ಜಾಗತಿಕ ಹೆಸರು ತಂದಿತು. ಪತ್ರಿಕೆಗಳು ಇವರನ್ನು 'ಇಂಡೋ-ಪಾಕ್ ಎಕ್ಸ್‌ಪ್ರೆಸ್' ಎಂದು ಕರೆದವು. ೨೦೧೦ರ ಯು.ಎಸ್. ಓಪನ್ ಫೈನಲ್‌ನಲ್ಲಿ ಅಮೆರಿಕದ ಬ್ರಯಾನ್ ಸಹೋದರರ ಎದುರು ಈ ಜೋಡಿ ಎರಡೂ ಸೆಟ್ಟುಗಳನ್ನು ಟೈಬ್ರೇಕರ್‌ನಲ್ಲಿ ಕಳೆದುಕೊಂಡಿತು. ಆ ಪಂದ್ಯಾವಳಿಯಲ್ಲಿ ವಿಶ್ವಸಂಸ್ಥೆಯ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಜೊತೆಯಾಗಿ ಕುಳಿತು ಇವರ ಆಟವನ್ನು ನೋಡಿದರು. ಯುದ್ಧ ನಿಲ್ಲಿಸಿ, ಟೆನಿಸ್ ಆರಂಭಿಸಿ ಎಂಬುದು ಅವರ ಘೋಷಣೆಯಾಗಿತ್ತು. ಅದೇ ವರ್ಷ ಇಬ್ಬರಿಗೂ ಆರ್ಥರ್ ಆಶ್ ಮಾನವೀಯ ಸೇವಾ ಪುರಸ್ಕಾರ ಲಭಿಸಿತು. ೨೦೧೧ರಲ್ಲಿ ಇವರು ಪ್ಯಾರಿಸ್ ಮಾಸ್ಟರ್ಸ್ ಗೆದ್ದರು.

೨೦೧೦ರ ಸೆಪ್ಟೆಂಬರ್‌ನಲ್ಲಿಯೇ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್ ಹಣಾಹಣಿಯಲ್ಲಿ ೦-೨ರಿಂದ ಹಿಂದೆ ಬಿದ್ದಿದ್ದ ಭಾರತ ೩-೨ರಿಂದ ಗೆದ್ದಿತು. ನಿರ್ಣಾಯಕ ಐದನೆಯ ಪಂದ್ಯವನ್ನು ಗೆದ್ದುಕೊಟ್ಟವರು ಬೋಪಣ್ಣ, ಅದೂ ಸಿಂಗಲ್ಸ್‌ನಲ್ಲಿ!

ಒಲಿಂಪಿಕ್ಸ್ ವಿವಾದ

೨೦೧೨ರ ಲಂಡನ್ ಒಲಿಂಪಿಕ್ಸ್‌ಗೆ ಜೋಡಿಗಳನ್ನು ಆರಿಸುವಾಗ ಕಲಹ ಉಂಟಾಯಿತು. ಮಹೇಶ್ ಭೂಪತಿ ಮತ್ತು ಬೋಪಣ್ಣ ಇಬ್ಬರೂ ಲಿಯಾಂಡರ್ ಪೇಸ್ ಅವರೊಂದಿಗೆ ಆಡಲು ಒಪ್ಪಲಿಲ್ಲ. ಕೊನೆಗೆ ಎರಡು ಜೋಡಿಗಳನ್ನು ಕಳುಹಿಸಲಾಯಿತು. ಎರಡೂ ಎರಡನೆಯ ಸುತ್ತಿನಲ್ಲಿ ಸೋತವು. ಆನಂತರ ಅಖಿಲ ಭಾರತ ಟೆನಿಸ್ ಸಂಸ್ಥೆ ಭೂಪತಿ ಹಾಗೂ ಬೋಪಣ್ಣನವರನ್ನು ಎರಡು ವರ್ಷ ರಾಷ್ಟ್ರೀಯ ತಂಡದಿಂದ ಹೊರಗಿಟ್ಟಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಯಾರದು ಸರಿ ಎಂಬುದು ಬೇರೆ ಮಾತು. ಒಳ್ಳೆಯ ಡಬಲ್ಸ್ ಆಟಗಾರರು ಮೂವರಿದ್ದೂ ಭಾರತಕ್ಕೆ ಪದಕ ದಕ್ಕಲಿಲ್ಲ. ೨೦೧೬ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಅವರೊಂದಿಗೆ ಮಿಶ್ರ ಡಬಲ್ಸ್ ಆಡಿ ನಾಲ್ಕನೆಯ ಸ್ಥಾನಕ್ಕೆ ತೃಪ್ತರಾಗಬೇಕಾಯಿತು.

ನಡುವಿನ ವರ್ಷಗಳು

೨೦೧೨ರಲ್ಲಿ ಭೂಪತಿಯವರೊಂದಿಗೆ ಮತ್ತೆ ಪ್ಯಾರಿಸ್ ಮಾಸ್ಟರ್ಸ್, ೨೦೧೫ರಲ್ಲಿ ರುಮೇನಿಯಾದ ಫ್ಲೋರಿನ್ ಮೆರ್ಜಿಯಾ ಅವರೊಂದಿಗೆ ಮ್ಯಾಡ್ರಿಡ್, ೨೦೧೭ರಲ್ಲಿ ಉರುಗ್ವೆಯ ಪ್ಯಾಬ್ಲೊ ಕ್ಯುವಾಸ್ ಅವರೊಂದಿಗೆ ಮಾಂಟೆ ಕಾರ್ಲೊ ಪ್ರಶಸ್ತಿಗಳು ಬಂದವು. ೨೦೧೩ರ ಜುಲೈನಲ್ಲಿ ಅವರು ವಿಶ್ವದ ಮೂರನೆಯ ಕ್ರಮಾಂಕದಲ್ಲಿದ್ದರು. ಮೊದಲ ಗ್ರ್ಯಾನ್ ಸ್ಲಾಮ್ ಒಲಿದದ್ದು ೨೦೧೭ರ ಫ್ರೆಂಚ್ ಓಪನ್‌ನಲ್ಲಿ: ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಅವರೊಂದಿಗೆ, ಫೈನಲ್‌ನಲ್ಲಿ ಸೋಲಿನ ಅಂಚಿನಿಂದ ಪಾರಾಗಿ, ಮಿಶ್ರ ಡಬಲ್ಸ್ ಪ್ರಶಸ್ತಿ ಗೆದ್ದರು. ಪೇಸ್, ಭೂಪತಿ, ಸಾನಿಯಾ ನಂತರ ಗ್ರ್ಯಾನ್ ಸ್ಲಾಮ್ ಗೆದ್ದ ನಾಲ್ಕನೆಯ ಭಾರತೀಯರು ಇವರು. ಏಷ್ಯನ್ ಕ್ರೀಡಾಕೂಟಗಳಲ್ಲಿ ದಿವಿಜ್ ಶರಣ್ ಜೊತೆ (೨೦೧೮, ಪುರುಷರ ಡಬಲ್ಸ್) ಮತ್ತು ಋತುಜಾ ಭೋಸಲೆ ಜೊತೆ (೨೦೨೩, ಮಿಶ್ರ ಡಬಲ್ಸ್) ಚಿನ್ನ ಪಡೆದರು.

ಅಷ್ಟರಲ್ಲಿ ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ೨೦೨೧ರಲ್ಲಿ ಸತತ ಸೋಲುಗಳಿಂದ ಬೇಸತ್ತು ಆಟ ಬಿಡುವ ಯೋಚನೆ ಬಂದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ನೋವನ್ನು ಹತೋಟಿಗೆ ತಂದದ್ದು ಅಯ್ಯಂಗಾರ್ ಯೋಗಾಭ್ಯಾಸವೆಂಬುದು ಅವರ ಮಾತು.

ಎಬ್ಡೆನ್ ಜೋಡಿ ಮತ್ತು ಅಗ್ರಸ್ಥಾನ

೨೦೨೩ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಯಾದರು. ಆ ವರ್ಷದ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಗೆದ್ದು, ಮಾಸ್ಟರ್ಸ್ ೧೦೦೦ ಪ್ರಶಸ್ತಿ ಪಡೆದ ಅತಿ ಹಿರಿಯ ಆಟಗಾರರೆನಿಸಿದರು. ಯು.ಎಸ್. ಓಪನ್‌ನಲ್ಲಿ ಹದಿಮೂರು ವರ್ಷಗಳ ಬಳಿಕ ಮತ್ತೆ ಫೈನಲ್ ಆಡಿ, ರಾಜೀವ್ ರಾಮ್ ಮತ್ತು ಜೋ ಸಾಲಿಸ್ಬರಿ ಅವರಿಗೆ ಮೂರು ಸೆಟ್ಟುಗಳಲ್ಲಿ ಸೋತರು. ಆ ಫೈನಲ್‌ನ ಕೊನೆಯ ಸೆಟ್ಟಿನಲ್ಲಿ, ಜೊತೆಗಾರ ಹೊಡೆದ ಚೆಂಡು ತಮ್ಮ ತೋಳಿಗೆ ತಾಗಿತೆಂದು ತಾವೇ ಅಂಪೈರ್‌ಗೆ ತಿಳಿಸಿ ಅಂಕವನ್ನು ಬಿಟ್ಟುಕೊಟ್ಟದ್ದನ್ನು ಇಲ್ಲಿ ದಾಖಲಿಸಲೇಬೇಕು.

೨೦೨೪ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ಗೆದ್ದಾಗಲೇ ಅಗ್ರಸ್ಥಾನ ಖಚಿತವಾಯಿತು. ಜನವರಿ ೨೭ರಂದು ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಸ್ಸೋರಿ ಅವರನ್ನು ೭-೬, ೭-೫ರಿಂದ ಮಣಿಸಿ ಬೋಪಣ್ಣನವರು ಮೊದಲ ಪುರುಷರ ಡಬಲ್ಸ್ ಗ್ರ್ಯಾನ್ ಸ್ಲಾಮ್ ಗೆದ್ದರು. ಅದು ಅವರ ೬೧ನೆಯ ಪ್ರಯತ್ನವಾಗಿತ್ತು. ಮಾರ್ಚ್‌ನಲ್ಲಿ ಮಯಾಮಿ ಪ್ರಶಸ್ತಿಯನ್ನೂ ಗೆದ್ದು ತಮ್ಮದೇ ವಯೋದಾಖಲೆಯನ್ನು ಮುರಿದರು.

ಪ್ರಶಸ್ತಿ ಮತ್ತು ನಿವೃತ್ತಿ

ಕರ್ನಾಟಕದ ಏಕಲವ್ಯ ಪ್ರಶಸ್ತಿ, ಅರ್ಜುನ ಪ್ರಶಸ್ತಿ ಮತ್ತು ೨೦೨೪ರಲ್ಲಿ ಪದ್ಮಶ್ರೀ ಅವರಿಗೆ ಸಂದಿವೆ. ೨೦೨೩ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಮೊರಾಕೊ ವಿರುದ್ಧ ಕೊನೆಯ ಡೇವಿಸ್ ಕಪ್ ಪಂದ್ಯ ಗೆದ್ದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎನ್. ಶ್ರೀರಾಮ್ ಬಾಲಾಜಿ ಅವರೊಂದಿಗೆ ಮೊದಲ ಸುತ್ತಿನಲ್ಲಿ ಸೋತ ಬಳಿಕ ದೇಶದ ಪರ ಆಡುವುದನ್ನು ನಿಲ್ಲಿಸಿದರು. ೨೦೨೫ರ ನವೆಂಬರ್ ೧ರಂದು ವೃತ್ತಿಪರ ಟೆನಿಸ್‌ನಿಂದ ನಿವೃತ್ತಿ ಘೋಷಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಟೆನಿಸ್ ಅಕಾಡೆಮಿ ಮಕ್ಕಳಿಗೆ ತರಬೇತಿ ನೀಡುತ್ತಿದೆ.